ಹಸಿರು ಚುಕ್ಕಿ

ನನ್ನ ತಮ್ಮನ ಮಗಳು ವೈದ್ಯಕೀಯ ಓದಿ ಮುಗಿಸಿ, ಮುಂದೆ ಪೆಥಾಲಜಿ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಡಾಕ್ಟರ್ ಅಂದರೆ ಕತ್ತಿಗೆ ಸ್ಟೆತಾಸ್ಕೋಪ್ ಜೋತುಬಿದ್ದಿರಬೇಕು, ಹೊರಗೆ ಬೆಂಚಿನ ಮೇಲೆ ಜನ ಕಾದು ಕೂತಿರಬೇಕು, ಹೋಗುವಾಗ ಕೈಮುಗಿಯಬೇಕು. ಇವಳು ಆರಿಸಿಕೊಂಡ ಕೆಲಸದಲ್ಲಿ ರೋಗಿಯ ಮುಖವೇ ಕಾಣುವುದಿಲ್ಲ. ಕಾಣುವುದು ಅವನ ಮೈಯಿಂದ ಕಿತ್ತ ಸಾಸಿವೆ ಕಾಳಿನಷ್ಟು ಮಾಂಸ. ಅದನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಸ್ಲೈಡಿಗೆ ಅಂಟಿಸಿ, ಬಣ್ಣ ಹಾಕಿ ಕೊಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆದು ಸಹಿ ಹಾಕುವುದು ಇವಳ ಕೆಲಸ. ಸರ್ಜನ್ ಕತ್ತಿ ಎತ್ತುವುದೂ ಇಳಿಸುವುದೂ ಆ ಸಹಿಯ ಮೇಲೆ. ಇದನ್ನು ನಾನು ವಿವರಿಸಿ ಹೇಳಿದರೂ ನನ್ನ ತಮ್ಮನ ಹೆಂಡತಿಗೆ ಸಮಾಧಾನವಾಗಲಿಲ್ಲ. ತಮ್ಮ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಮಗಳನ್ನು ಓದಿಸಿದವಳು ಅವಳು; ಅವಳ ಕನಸಿನಲ್ಲಿ ಬೆಂಚು ಇತ್ತು, ಜನ ಇದ್ದರು.

"ಪಕ್ಕದ ಮನೆಯವರು ಮಗುಗೆ ಜ್ವರ ಅಂತ ಎತ್ಕೊಂಡು ಬಂದ್ರೆ ಏನು ಹೇಳ್ತೀಯೇ?" ಎಂದು ಕೇಳಿದಳು.

"ಮಗುನ ಒಂದು ಚೂರು ಕತ್ತರಿಸಿ ಕೊಡಿ, ನೋಡಿ ಹೇಳ್ತೀನಿ ಅಂತೀನಿ."

"ನಾಲಿಗೆ ಮೇಲೆ ಹಿಡಿತ ಇಲ್ಲ ಇದಕ್ಕೆ. ನೋಡಿ ಅಕ್ಕ, ನಿಮ್ಮಿಂದ್ಲೇ ಕಲಿತಿದ್ದು."

ನನ್ನಿಂದ ಕಲಿತದ್ದು ನಾಲಿಗೆಯಲ್ಲ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಮನೆಯಲ್ಲಿ ಒಂದು ಹಳೆಯ ಮೈಕ್ರೋಸ್ಕೋಪ್ ಇತ್ತು. ಹುಡುಗಿ ಸಣ್ಣವಳಿದ್ದಾಗ ಬೀಗದ ತೂತು, ಇರುವೆ ಗೂಡು, ನಲ್ಲಿಯ ಬಾಯಿ ಯಾವುದನ್ನೂ ಬಿಡದೆ ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದಳು. ಅದಕ್ಕೇ ಅವಳಿಗೆ ಇಣುಕಿ ಎಂದು ಹೆಸರು ಬಿತ್ತು. ಒಮ್ಮೆ ಎಲೆಯ ಸಿಪ್ಪೆಯನ್ನು ಮೈಕ್ರೋಸ್ಕೋಪಿಗೆ ಇಟ್ಟು ಕಂಡದ್ದನ್ನು ಬರಿ ಎಂದೆ. ಕಪ್ಪು ಅಂಚಿನ ಒಂದು ಸೊಗಸಾದ ವೃತ್ತ ಬರೆದು ತಂದಳು. ಅದು ಜೀವಕೋಶವಲ್ಲ, ನೀರಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ. ಹೊಸಬರೆಲ್ಲ ಮೊದಲು ಬರೆಯುವುದು ಅದನ್ನೇ. ಇವಳಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡಿರಲಿಲ್ಲ, ಹಾಗೆಂದು ಹೇಳಲೂ ಇಲ್ಲ. "ಇದು ತಪ್ಪು, ಮತ್ತೆ ನೋಡು" ಎಂದೆ. ಮತ್ತೆ ಹೋಗಿ ನೋಡಿದಳು. ಅಳುವ ಮಗುವಾಗಿರಲಿಲ್ಲ.

ಅವಳು ತರಬೇತಿಗೆ ಸೇರಿದ ಆಸ್ಪತ್ರೆಯಲ್ಲಿ ಪೆಥಾಲಜಿ ವಿಭಾಗ ಹಿಂಬದಿಯ ಕಟ್ಟಡದಲ್ಲಿತ್ತು, ಬಟ್ಟೆ ಒಗೆಯುವ ವಿಭಾಗದ ಮೇಲಿನ ಮಹಡಿಯಲ್ಲಿ. ಕೆಳಗೆ ದೊಡ್ಡ ಯಂತ್ರಗಳು ಹಾಸಿಗೆಯ ಬಟ್ಟೆ ಹಿಂಡಲು ಗಿರಗಿರ ತಿರುಗಿದಾಗ ಮೇಲೆ ನೆಲ ಅದುರುತ್ತಿತ್ತು. ಮೈಕ್ರೋಸ್ಕೋಪಿನ ಕೆಳಗೆ ಜೀವಕೋಶಗಳೆಲ್ಲ ನಡುಗುತ್ತಿದ್ದವು. ಆಗ ಎಲ್ಲರೂ ತಲೆ ಎತ್ತಿ, ಕತ್ತು ನೀವಿಕೊಳ್ಳುತ್ತ, ಯಂತ್ರ ನಿಲ್ಲುವ ತನಕ ಮಾತಾಡುತ್ತಿದ್ದರು. ಆ ವಿಭಾಗದಲ್ಲಿ ವಿಶ್ರಾಂತಿ ಎಂದು ಇದ್ದದ್ದು ಅದೊಂದೇ. ಚೂರುಗಳು ಕೆಡದಂತೆ ಅದ್ದಿಡುವ ಫಾರ್ಮಲಿನ್ನಿನ ವಾಸನೆ ಕಣ್ಣಿಗೆ ಹತ್ತುತ್ತಿತ್ತು. ಕುರ್ಚಿಗಳು ಬೇರೆ ಬೇರೆ ವಿಭಾಗದವರು ಬೇಡವೆಂದು ಬಿಟ್ಟವು. ಒಂದರ ಹಿಂಬದಿ ಮುರಿದಿತ್ತು, ಇನ್ನೊಂದು ಕೂತರೆ ತಾನಾಗಿ ಕೆಳಗಿಳಿಯುತ್ತಿತ್ತು.

ಕಲಿಸುತ್ತಿದ್ದವರನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಕುಳ್ಳಗಿನ ಹೆಂಗಸು. ದನಿ ಮಾತ್ರ ಮಹಡಿ ಇಳಿದು ಬರುವಂಥದ್ದು. ಅವರ ಪಾಠದಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಸ್ಲೈಡನ್ನು ಹೊಲ ಉಳುವ ಹಾಗೆ ನೋಡಬೇಕು. ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿಗೆ, ಸಾಲಿಗೆ ಸಾಲು ತಾಗಿಸಿ, ನಡುವೆ ಒಂದು ಗೆರೆಯೂ ಬಿಡದೆ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳಿದ್ದು ನಮಗೇ ಕಣ್ರೋ, ಬೇರೆಯವರಿಗಲ್ಲ" ಎನ್ನುತ್ತಿದ್ದರು. ಇನ್ನೊಂದು, ಅನುಮಾನ ಬಂದ ಜಾಗದ ಪಕ್ಕದಲ್ಲಿ ಗಾಜಿನ ಮೇಲೆ ಶಾಯಿಯಿಂದ ಒಂದು ಚುಕ್ಕಿ ಇಡಬೇಕು. ಕಲಿಯುವವರು ಮೊದಲು ನೋಡಿ ಚುಕ್ಕಿ ಇಟ್ಟರೆ, ಆಮೇಲೆ ದೊಡ್ಡ ಮೇಡಂ ನೋಡಿ ತೀರ್ಮಾನ ಹೇಳಿ ಸಹಿ ಹಾಕುತ್ತಿದ್ದರು. ಯಾರ ಚುಕ್ಕಿ ಎಂದು ಗೊತ್ತಾಗಲಿ ಎಂದು ಸೇರಿದ ದಿನವೇ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಂಚಿಬಿಡುತ್ತಿದ್ದರು. ಇಣುಕಿಯ ಪಾಲಿಗೆ ಬಂದದ್ದು ಹಸಿರು. ಅವಳ ಬೆರಳ ತುದಿ ಸದಾ ಹಸಿರಾಗಿರುತ್ತಿತ್ತು. "ಇದೇನೇ, ಹುಲ್ಲು ಮೇಯ್ದು ಬಂದ ಹಾಗೆ" ಎಂದು ಅವಳಮ್ಮ ಗೊಣಗುತ್ತಿದ್ದಳು.

ಹುಡುಗಿ ಚೆನ್ನಾಗಿ ಕಲಿತಳು. ಮೇಣದ ಅಚ್ಚನ್ನು ಸೀಳಿ ಸ್ಲೈಡ್ ಮಾಡಿಕೊಡುತ್ತಿದ್ದ ಟೆಕ್ನಿಷಿಯನ್ ಒಬ್ಬ ತಮಾಷೆಯ ಮನುಷ್ಯ, ಟ್ರೇ ತಂದಿಡುವಾಗ, "ತಗೊಳ್ಳಿ ಡಾಕ್ಟ್ರೇ, ಇವತ್ತು ಊರಿನ ಅರ್ಧ ಹೊಟ್ಟೆ, ಕಾಲು ಭಾಗ ಗಂಟಲು. ಉಳಿದಿದ್ದು ನಾಳೆ" ಅನ್ನುತ್ತಿದ್ದ. ಇವಳು ನಗುತ್ತಲೇ ಒಂದೊಂದು ಟ್ರೇ ಮುಗಿಸುತ್ತಿದ್ದಳು. ಆ ದಿನಗಳಲ್ಲಿ ಮನೆಗೆ ಬಂದರೆ ಊಟದ ತಟ್ಟೆಯ ಮುಂದೆಯೂ ಅದೇ ಮಾತು. ಅವಳಿಗೆ ಆಗಲೇ ಮದುವೆಯಾಗಿತ್ತು, ಅಮ್ಮನೂ ಜೊತೆಗಿದ್ದಳು. ಗಂಡ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಮೃದು ಸ್ವಭಾವದವನು. ಅವನಿಗೂ ಕಣ್ಣಿನದೇ ಕೆಲಸ. ಇಬ್ಬರೂ ಎದುರುಬದುರು ಕೂತು ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟುಕೊಂಡು ಮಾತಾಡುವುದನ್ನು ಕಂಡು ನಾನು, "ಕುರುಡರ ಸಂಘ" ಎನ್ನುತ್ತಿದ್ದೆ.

ಅವಳ ತರಬೇತಿಯ ಕೊನೆಯ ವರ್ಷದಲ್ಲಿ ವಿಭಾಗದ ಇಬ್ಬರು ಹಿರಿಯ ಡಾಕ್ಟರುಗಳು ಬಿಟ್ಟುಹೋದರು. ಒಬ್ಬರಿಗೆ ಬೆನ್ನು ಹೋಗಿತ್ತು, ಇನ್ನೊಬ್ಬರಿಗೆ ತಾಳ್ಮೆ ಹೋಗಿತ್ತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬರುತ್ತಾರೆ ಎಂದು ಆಡಳಿತದವರು ಹೇಳುತ್ತಲೇ ಇದ್ದರು. ಟ್ರೇಗಳು ಮೇಜಿನಿಂದ ಕಿಟಕಿಯ ಕಟ್ಟೆಗೆ, ಅಲ್ಲಿಂದ ನೆಲಕ್ಕೆ ಇಳಿದವು. ದೊಡ್ಡ ಮೇಡಂ ಮೊದಲು ಪ್ರತಿ ಸ್ಲೈಡನ್ನೂ ತಾವೂ ಉಳುತ್ತಿದ್ದರು. ಈಗ ಅದು ಸಾಧ್ಯವಿರಲಿಲ್ಲ. ಹಾಗಂತ ಯಾರೂ ತೀರ್ಮಾನ ಮಾಡಿದ್ದಲ್ಲ. ಕೆಲಸ ಏರಿದ ಹಾಗೆ ಅವರ ಕಣ್ಣು ನೇರ ಚುಕ್ಕಿಗೆ ಹೋಗಿ, ಅಲ್ಲಿ ನಿಂತು, ತೀರ್ಮಾನ ಹೇಳಿ, ಮುಂದಿನ ಸ್ಲೈಡಿಗೆ ಹಾರುವುದನ್ನು ಕಲಿತುಬಿಟ್ಟಿತು. ಉಳಿದ ಭಾಗವನ್ನು ಹುಡುಗಿ ನೋಡಿರುತ್ತಾಳೆ ಎಂದು ಅವರು. ಕೊನೆಗೆ ಮೇಡಂ ನೋಡುತ್ತಾರಲ್ಲ ಎಂದು ಹುಡುಗಿ. ಎರಡು ಜೋಡಿ ಕಣ್ಣು ಇದ್ದೂ ನಡುವೆ ಒಂದು ಪಟ್ಟಿ ಉಳದೆ ಉಳಿಯುವುದು ಹೀಗೆ.

ಆ ಸ್ಲೈಡು ಒಬ್ಬ ಈಜು ಕಲಿಸುವ ಮೇಷ್ಟರದು. ಹೊಟ್ಟೆನೋವೆಂದು ಬಂದಿದ್ದರು. ಕೊಳವೆ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಂಡು, ಅದರ ಅಂಚಿನಿಂದ ಕೆಲವು ಚೂರು ಚಿವುಟಿ ಕಳಿಸಿದ್ದರು. ಒಂದು ಚೂರಿನಲ್ಲಿ ಇಣುಕಿಗೆ ಅನುಮಾನ ಬಂತು. ಹಸಿರು ಚುಕ್ಕಿ ಇಟ್ಟು ದೊಡ್ಡ ಮೇಡಂ ಪಕ್ಕ ಕೂತಳು. ಇಬ್ಬರು ಒಟ್ಟಿಗೆ ನೋಡುವ ಎರಡು ತಲೆಯ ಮೈಕ್ರೋಸ್ಕೋಪ್ ಅದು.

"ಏನನ್ಸುತ್ತೆ?"

"ಗ್ರಂಥಿಗಳು ತುಂಬ ಒತ್ತೊತ್ತಾಗಿವೆ ಮೇಡಂ. ಬಣ್ಣಾನೂ ಗಾಢ. ಕ್ಯಾನ್ಸರ್ ಇರಬಹುದಾ ಅಂತ."

"ಅನುಮಾನ ಒಳ್ಳೇದೇ. ಆದ್ರೆ ಮೇಲ್ಗಡೆ ನೋಡು. ಮೇಲೆ ಹೋದ ಹಾಗೆ ಗ್ರಂಥಿಗಳು ತಣ್ಣಗಾಗ್ತಾ ಬರ್ತಿಲ್ವಾ? ಹುಣ್ಣು ಮಾಯುವ ಕಡೆ ಹೀಗೆ ಇರುತ್ತೆ. ಕ್ಯಾನ್ಸರ್ ಆಗಿದ್ರೆ ಮೇಲೂ ಕೆಳಗೂ ಒಂದೇ ಸೊಕ್ಕು."

"ಹೌದು ಮೇಡಂ. ಈಗ ಕಾಣುತ್ತೆ."

"ಇದನ್ನ ಜ್ಞಾಪಕ ಇಟ್ಕೋ. ಪರೀಕ್ಷೇಲಿ ಕೇಳ್ತಾರೆ."

ಚುಕ್ಕಿಯ ಜಾಗದ ಬಗ್ಗೆ ದೊಡ್ಡ ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು. ಪಾಠವೂ ಚೆನ್ನಾಗಿತ್ತು. ಕಲಿತವಳಿಗೂ ಕಲಿಸಿದವರಿಗೂ ತೃಪ್ತಿಯಾಯಿತು. ಹುಣ್ಣು ಮಾಯುತ್ತಿದೆ, ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟು ಹೋಯಿತು. ಅದೇ ಗಾಜಿನ ಇನ್ನೊಂದು ತುದಿಯಲ್ಲಿ, ಕೊನೆಯ ಚೂರಿನ ಮೂಲೆಯಲ್ಲಿ, ಹೊಟ್ಟೆಯುಬ್ಬಿದ ಕೆಲವು ಕೋಶಗಳು ಗುಂಪಿನಲ್ಲಿ ಗೋವಿಂದ ಎಂಬಂತೆ ಸುಮ್ಮನೆ ಕೂತಿದ್ದವು. ಹೊಟ್ಟೆಯ ಕ್ಯಾನ್ಸರಿನಲ್ಲಿ ಅಡಗಿಕೊಳ್ಳುವುದಕ್ಕೇ ಹೆಸರಾದ ಒಂದು ಜಾತಿ ಅದು. ಅವುಗಳ ಪಕ್ಕದಲ್ಲಿ ಚುಕ್ಕಿ ಇರಲಿಲ್ಲ.

ಇಣುಕಿ ಅದನ್ನು ಸಣ್ಣ ಲೆನ್ಸಿನಲ್ಲಿ ಒಮ್ಮೆ ದಾಟಿದ್ದಳು. ಮೊದಲು ಅನುಮಾನದ ಜಾಗ ತೋರಿಸಿ ಬಂದು ಆಮೇಲೆ ದೊಡ್ಡ ಲೆನ್ಸಿನಲ್ಲಿ ಉಳೋಣ ಎಂದುಕೊಂಡಿದ್ದಳಂತೆ. ತೋರಿಸಿದ ಮೇಲೆ ಉತ್ತರ ಸಿಕ್ಕಿತು. ಉತ್ತರ ಸಿಕ್ಕಿದ ಮೇಲೆ ಮನಸ್ಸು ಆ ಸ್ಲೈಡನ್ನು ಮುಗಿಯಿತು ಎಂದು ಬದಿಗಿಟ್ಟಿತು.

ವರ್ಷ ತುಂಬುವ ಮುಂಚೆ ಮೇಷ್ಟರು ಮತ್ತೆ ಬಂದರು. ಈ ಸಲ ಹೊಟ್ಟೆಯಲ್ಲಿ ನೀರು ತುಂಬಿತ್ತು. ಸರ್ಜನ್ ತೆರೆದು, ಕ್ಯಾನ್ಸರ್ ಎಲ್ಲ ಕಡೆ ಹರಡಿದ್ದು ನೋಡಿ ಹಾಗೆಯೇ ಹೊಲಿದರು. ಹಳೆಯ ಸ್ಲೈಡು ತೆಗೆಸಿ ಎಂದು ಹೇಳಿ ಕಳಿಸಿದರು.

ಆ ವಿಭಾಗದಲ್ಲಿ ಇಂಥದ್ದಕ್ಕೆ ಒಂದು ಸಭೆಯಿತ್ತು. ಹಲವು ತಲೆಗಳ ದೊಡ್ಡ ಮೈಕ್ರೋಸ್ಕೋಪಿನ ಸುತ್ತ ಎಲ್ಲರೂ ಕೂತು, ತಪ್ಪಾದ ಸ್ಲೈಡನ್ನು ಒಟ್ಟಿಗೆ ನೋಡಿ ಕಲಿಯುವುದು. ಯಾರ ತಪ್ಪು ಎಂದು ಹೇಳಬಾರದು, ಹೆಸರೆತ್ತಬಾರದು ಎಂಬುದು ನಿಯಮ. ಒಳ್ಳೆಯ ನಿಯಮವೇ. ವಿಭಾಗದ ಮುಖ್ಯಸ್ಥರು ಸ್ಲೈಡ್ ಇಟ್ಟು ಬೆಳಕು ಹಾಕಿದರು. ಸುತ್ತ ಕೂತ ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು ದೊಡ್ಡದೊಂದು ಹಸಿರು ಚುಕ್ಕಿ. ಹೆಸರೆತ್ತುವ ಅಗತ್ಯ ಯಾರಿಗೂ ಬೀಳಲಿಲ್ಲ. ಮುಖ್ಯಸ್ಥರು ಚುಕ್ಕಿಯನ್ನು ದಾಟಿ ಬಾಣದ ಗುರುತನ್ನು ಮೆಲ್ಲಗೆ ಇನ್ನೊಂದು ತುದಿಗೆ ಒಯ್ದು ನಿಲ್ಲಿಸಿದರು. ಕೆಳಗೆ ಬಟ್ಟೆಯ ಯಂತ್ರ ತಿರುಗತೊಡಗಿ ಆ ಕೋಶಗಳು ನಡುಗಿದವು. ಯಾರೂ ತಲೆ ಎತ್ತಲಿಲ್ಲ.

ದೊಡ್ಡ ಮೇಡಂ ಎದ್ದು ನಿಂತರು. "ಹೆಸರು ಹೇಳಬಾರದು ಅಂತಿದೆ. ನನ್ನ ಹೆಸರು ನಾನು ಹೇಳ್ಕೋಬಹುದಲ್ಲ? ಚುಕ್ಕಿ ಯಾರದ್ದೇ ಇರಲಿ, ಕೆಳಗೆ ಸಹಿ ನನ್ನದು. ನಾನು ಚುಕ್ಕಿ ನೋಡಿದೆ, ಸ್ಲೈಡ್ ನೋಡಲಿಲ್ಲ. ಬರ್ಕೊಳ್ಳಿ" ಎಂದರು.

ಮುಖ್ಯಸ್ಥರು, "ಕೂತ್ಕೊಳ್ಳಿ ಮೇಡಂ, ಇಲ್ಲಿ ಯಾರನ್ನೂ ದೂರೋದಿಲ್ಲ" ಎಂದರು. ಸಭೆಗೆ ಬಂದಿದ್ದ ಸರ್ಜನ್ ಕೊನೆಯಲ್ಲಿ ಒಂದೇ ಮಾತು ಹೇಳಿದರಂತೆ: "ಆಗ್ಲೇ ಸಿಕ್ಕಿದ್ರೆ ಹೊಟ್ಟೆ ತೆಗೆದು ಉಳಿಸ್ತಿದ್ದೆ. ಬಹುಶಃ." ಕೂಗಾಡಿದ್ದರೆ ಹುಡುಗಿ ತಡೆದುಕೊಳ್ಳುತ್ತಿದ್ದಳೋ ಏನೋ. ಆ ಬಹುಶಃ ಎಂಬುದನ್ನು ಅವಳು ಮನೆಗೆ ತಂದಳು.

ಮೇಷ್ಟರ ಮನೆಯವರಿಗೆ ಆಸ್ಪತ್ರೆಯವರು, ಮೊದಲ ಪರೀಕ್ಷೆಯಲ್ಲಿ ರೋಗ ಸಿಕ್ಕಲಿಲ್ಲ ಎಂದು ತಿಳಿಸಿದರು. ಸುಳ್ಳಲ್ಲ, ಆದರೆ ನಿಜದ ತೊಗಟೆ ಮಾತ್ರ. ಇಣುಕಿ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ವಾರ್ಡಿಗೆ ಹೋದಳು. ವರ್ಷಗಳಿಂದ ಅವಳು ರೋಗಿಯ ಹಾಸಿಗೆಯ ಪಕ್ಕ ನಿಂತಿರಲಿಲ್ಲ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದಳು. ಮೇಷ್ಟರು ಅಗಲ ಭುಜದ ಮನುಷ್ಯ. ಮೈ ಇಳಿದು ಭುಜದ ಮೂಳೆ ಹ್ಯಾಂಗರಿನ ಹಾಗೆ ಉಳಿದಿತ್ತು. ಬಿಳಿ ಕೋಟು ಕಂಡ ಕೂಡಲೇ ತೋಳು ಚಾಚಿದರು.

"ಇಲ್ಲೇ ಚುಚ್ಚಿಬಿಡಿ ತಾಯಿ. ಆ ಕೈಯಲ್ಲಿ ನರ ಮುಷ್ಕರ ಹೂಡಿವೆ."

"ರಕ್ತಕ್ಕೆ ಬಂದಿಲ್ಲ. ಸುಮ್ನೆ ನೋಡೋಕೆ ಬಂದೆ."

"ಯಾವ ವಿಭಾಗ?"

"ಪರೀಕ್ಷೆ ಮಾಡೋ ವಿಭಾಗ. ಚೂರು ನೋಡಿ ಹೇಳೋರು."

"ಓ, ಹೌದಾ?" ಎಂದು ಮೇಷ್ಟರು ಉಸಿರು ಹಿಡಿದುಕೊಂಡು ನಕ್ಕರು. "ಪಾಪ, ನೀವೇನು ಮಾಡ್ತೀರಿ. ಕೊಟ್ಟಿದ್ದು ನೋಡ್ತೀರಿ. ಅದು ಅಡಗಿ ಕೂತಿತ್ತಂತೆ. ನಾನು ಎಷ್ಟೋ ಮಕ್ಕಳಿಗೆ ನೀರೊಳಗೆ ಕಣ್ಣು ಬಿಡೋದು ಕಲಿಸಿದ್ದೀನಿ ಕಣಮ್ಮ. ನೀರು ಕಲಕಿದ್ರೆ ಎಂಥ ಕಣ್ಣಿಗೂ ಏನೂ ಕಾಣಲ್ಲ."

ಹುಡುಗಿ ಜೋಡಿಸಿಕೊಂಡು ಹೋದ ಮಾತು ಬಾಯಲ್ಲೇ ಉಳಿಯಿತು. ಮೇಷ್ಟರ ಹೆಂಡತಿ ಸ್ಟೂಲು ಎಳೆದು ಕೂರಲು ಹೇಳಿದರು. ಸ್ವಲ್ಪ ಹೊತ್ತು ಕೂತು ಎದ್ದು ಬಂದಳು. "ಬೈದಿದ್ರೆ ಒಳ್ಳೇದಿತ್ತು ಅತ್ತೆ" ಎಂದಳು ನನ್ನ ಹತ್ತಿರ. ನನಗೂ ಹಾಗೇ ಅನ್ನಿಸಿತು. ಮೇಷ್ಟರು ಅದೇ ತಿಂಗಳು ತೀರಿಕೊಂಡರು.

ಯಾರೂ ಅವಳನ್ನು ಶಿಕ್ಷಿಸಲಿಲ್ಲ. ಯಾರಿಗೂ ಅವಳ ಜೊತೆ ಕೂತು ಮಾತಾಡುವ ಪುರುಸೊತ್ತೂ ಇರಲಿಲ್ಲ. ಆಡಳಿತದವರು ಮಾತ್ರ, ಸಿಬ್ಬಂದಿಯ ಮನಸ್ಸಿನ ಆರೋಗ್ಯ ಮುಖ್ಯ ಎಂದು ಇಡೀ ವಿಭಾಗವನ್ನು ಒಂದು ಹಾಲಿನಲ್ಲಿ ಕೂಡಿಸಿ, ಮೈಕು ಹಿಡಿದ ಒಬ್ಬ ಉತ್ಸಾಹಿ ಯುವಕನನ್ನು ಕರೆಸಿದರು. ಅವನು ಎಲ್ಲರಿಗೂ ಒಂದೊಂದು ಬಲೂನು ಕೊಟ್ಟು, "ನಿಮ್ಮ ಒತ್ತಡವನ್ನೆಲ್ಲ ಇದರೊಳಗೆ ಊದಿ" ಎಂದ.

ದೊಡ್ಡ ಮೇಡಂ ಬಲೂನನ್ನು ತಿರುಗಿಸಿ ಮುರುಗಿಸಿ ನೋಡಿ, "ಅಪ್ಪಾ, ಇದ್ರಲ್ಲಿ ಇನ್ನಿಬ್ಬರು ಡಾಕ್ಟರನ್ನ ಊದಿ ಕೊಡೋಕಾಗುತ್ತಾ?" ಎಂದು ಕೇಳಿದರು.

ಎಲ್ಲರೂ ನಕ್ಕರು. ಯುವಕನೂ ನಕ್ಕ. ಮೇಲೆ ಬಂದು ನೋಡಿದರೆ, ಅವರು ಊದುತ್ತ ಕೂತಿದ್ದ ಹೊತ್ತಿನಲ್ಲಿ ಬಂದ ಟ್ರೇಗಳು ಕುರ್ಚಿಯ ಮೇಲೂ ಕೂತಿದ್ದವು.

ಇಣುಕಿ ಅಂತಿಮ ಪರೀಕ್ಷೆ ಬರೆದಳು, ಒಳ್ಳೆಯ ಅಂಕ ಬಂತು. ಕಾಗದದ ಮೇಲೆ ಅವಳ ಕಣ್ಣಿಗೆ ಯಾವ ಕುಂದೂ ಇರಲಿಲ್ಲ. ಅದೇ ವಿಭಾಗದಲ್ಲಿ ಕೆಲಸವೂ ಸಿಕ್ಕಿತು. ಇನ್ನು ಮೇಲೆ ಅವಳು ಚುಕ್ಕಿ ಇಟ್ಟು ಕಾಯುವ ಹಾಗಿಲ್ಲ; ತಾನೇ ನೋಡಿ, ತಾನೇ ಬರೆದು, ತಾನೇ ಸಹಿ ಹಾಕಬೇಕು.

ಸಹಿ ಬರಲಿಲ್ಲ. ನೋಡುತ್ತಿದ್ದಳು, ಸರಿಯಾಗಿ ಬರೆಯುತ್ತಿದ್ದಳು, ಪೆನ್ನು ಹಿಡಿದು ಕೆಳಗಿನ ಗೆರೆಯ ತನಕ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ಸ್ಲೈಡನ್ನು ಮತ್ತೆ ಇಟ್ಟು ಮೊದಲಿನಿಂದ ಉಳುತ್ತಿದ್ದಳು. ಉತ್ತಿದ್ದನ್ನೇ ಉತ್ತು, ಅಡ್ಡಡ್ಡ ಉತ್ತು, ತಿರುಗಿಸಿಟ್ಟು ಉತ್ತು. ಬೇರೆಯವರು ಒಂದು ಟ್ರೇ ಮುಗಿಸುವಾಗ ಇವಳದು ಒಂದು ಸಾಲೂ ಮುಗಿದಿರುತ್ತಿರಲಿಲ್ಲ. ಮೊದಮೊದಲು ಜೊತೆಯವರು ಕನಿಕರ ಪಟ್ಟರು. ತಮ್ಮ ಪಾಲಿಗೆ ಅವಳ ಟ್ರೇಗಳೂ ಬಂದಾಗ ಕನಿಕರ ಸವೆಯಿತು. "ಅವರು ಸ್ಲೈಡ್ ನೋಡಲ್ಲ, ಅದಕ್ಕೆ ಜಾತಕ ಬರೀತಾರೆ" ಎಂದು ಒಬ್ಬ ಹೇಳಿದ್ದು ಅವಳ ಕಿವಿಗೂ ಬಿತ್ತು. ಹೇಳಿದವನು ಕೆಟ್ಟವನಲ್ಲ. ಅವನಿಗೂ ಮನೆಯಿತ್ತು, ಅವನ ಕತ್ತೂ ನೋಯುತ್ತಿತ್ತು.

ಮನೆಯಲ್ಲಿ ಅವಳು ಮಲಗುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದಳು ಅಷ್ಟೆ. ಬೆಳಿಗ್ಗೆ ಹೋದವಳೇ ಹಿಂದಿನ ದಿನದ ಸ್ಲೈಡುಗಳನ್ನು ಕಪಾಟಿನಿಂದ ಹೊರಗೆ ತೆಗೆಯುತ್ತಿದ್ದಳು.

"ನಮ್ಮಲ್ಲೂ ತಪ್ಪಾಗುತ್ತಪ್ಪ" ಎಂದ ಗಂಡ, ಒಂದು ದಿನ ನಾನೂ ಅಲ್ಲಿ ಕೂತಿದ್ದಾಗ. "ಎಷ್ಟು ತಿದ್ದಿದ್ರೂ ಒಂದೆರಡು ಉಳಿಯುತ್ತೆ. ಪುಸ್ತಕದ ಕೊನೇಲಿ ಒಪ್ಪೋಲೆ ಹಾಕಿ, ಹೀಗೆ ಓದಿಕೊಳ್ಳಿ ಅಂತೀವಿ. ಮುಂದಿನ ಪುಸ್ತಕಕ್ಕೆ ಹೋಗ್ತೀವಿ."

"ನನ್ನ ಕೆಲಸದಲ್ಲಿ ಕೊನೇ ಪುಟ ಮೊದಲೇ ಬಂದ್ಬಿಡುತ್ತೆ" ಎಂದಳು.

ಅವನು ತಣ್ಣೀರಿನ ಬಟ್ಟೆ ಹಿಂಡಿ ಅವಳ ಕೈಗೆ ಕೊಟ್ಟ. ಅವಳಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡೇ, ಜ್ವರದ ಮಾತ್ರೆ ಕೊಡೋ ಡಾಕ್ಟರ್ ಆಗಿದ್ರೆ ಇಷ್ಟೆಲ್ಲ ಇತ್ತಾ?" ಎಂದಳು. ಹಂಗಿಸುವ ಉದ್ದೇಶವಿರಲಿಲ್ಲ, ಮಗಳ ಮುಖ ನೋಡಿ ಏನೋ ಒಂದು ಹೇಳಬೇಕಿತ್ತು.

ದೊಡ್ಡ ಮೇಡಂ ಬಿಡಲಿಲ್ಲ. ಅದು ಅವರ ಗುಣ. ಆಸ್ಪತ್ರೆಯ ಮನೋವೈದ್ಯರ ಹತ್ತಿರ ತಾವೇ ಕರೆದುಕೊಂಡು ಹೋದರು. ಆ ವೈದ್ಯರು ತಿಳಿದವರು. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದರು, ಕೆಲವು ತಿಂಗಳ ರಜೆ ಬೇಕೇ ಬೇಕು ಎಂದು ಬರೆದುಕೊಟ್ಟರು. ರಜೆ ಕೊಡಬೇಕಾದವರು ಆ ಚೀಟಿ ಓದಿ, "ಕೊಡೋಣ, ಆದ್ರೆ ಇನ್ನೊಬ್ಬರು ಸೇರಿದ ಮೇಲೆ" ಎಂದರು. ಇನ್ನೊಬ್ಬರು ಸೇರಲಿಲ್ಲ. ವಾರಕ್ಕೊಮ್ಮೆ ಹೋಗುವ ಹೊತ್ತಿಗೆ ಸರಿಯಾಗಿ ಆಪರೇಷನ್ ಥಿಯೇಟರಿನಿಂದ ತುರ್ತು ಚೂರುಗಳು ಬರುತ್ತಿದ್ದವು. ಎರಡು ಸಲ ಹೋದಳು, ಮೂರನೆಯ ಸಲ ಆಗಲಿಲ್ಲ.

ಆಮೇಲೆ ದೊಡ್ಡ ಮೇಡಂ ತಮಗೆ ಗೊತ್ತಿದ್ದ ಒಂದೇ ಮದ್ದು ಮಾಡಿದರು. ತಮ್ಮ ಊಟದ ಹೊತ್ತನ್ನು ಬಿಟ್ಟು, ಎರಡು ತಲೆಯ ಮೈಕ್ರೋಸ್ಕೋಪಿನಲ್ಲಿ ಅವಳನ್ನು ಎದುರಿಗೆ ಕೂಡಿಸಿಕೊಂಡು ಸ್ಲೈಡ್ ಮೇಲೆ ಸ್ಲೈಡ್ ಇಡುತ್ತಿದ್ದರು.

"ಹೇಳು."

"ಕ್ಯಾನ್ಸರ್ ಅಲ್ಲ ಮೇಡಂ."

"ಇದು?"

"ಕ್ಯಾನ್ಸರ್. ಸ್ನಾಯುವಿನ ತನಕ ಇಳಿದಿದೆ."

"ಇದು?"

"ಮೇಡಂ, ಇದು ಕಲೆ. ಬಣ್ಣ ಹಾಕುವಾಗ ಬಿದ್ದ ಧೂಳು."

"ನೋಡಿದ್ಯಾ? ಒಂದೂ ತಪ್ಪಿಲ್ಲ. ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೇ."

"ಕಣ್ಣಿಗಲ್ಲ ಮೇಡಂ. ಅಂದೂ ಕಣ್ಣು ಚೆನ್ನಾಗೇ ಇತ್ತು."

ದೊಡ್ಡ ಮೇಡಂ ಸ್ಲೈಡನ್ನು ತೆಗೆದು ಟ್ರೇಗೆ ಸೇರಿಸಿದರು. ಅವರೂ ಅಂದು ನೋಡಿದವರೇ. ಆದರೆ ಸಭೆಯ ಮಾರನೆಯ ದಿನವೇ ಬಂದು ಮುಂದಿನ ಟ್ರೇಗೆ ಸಹಿ ಹಾಕಿದ್ದರು. ಹೇಗೆ ಹಾಕಿದಿರಿ ಎಂದು ಒಮ್ಮೆ ನಾನೇ ಕೇಳಿದೆ. "ನಾನು ಹಾಕದಿದ್ರೆ ಯಾರು ಹಾಕ್ತಿದ್ರು? ಎಮ್ಮೆ ಚರ್ಮ ನನ್ನದು. ಇದರದ್ದು ಎಳೇ ಚರ್ಮ. ಎಮ್ಮೆ ಚರ್ಮ ಬೆಳೆಯೋಕೆ ಮೂರ್ನಾಲ್ಕು ವರ್ಷ ಮೇಲೊಬ್ಬರ ನೆರಳಿರಬೇಕು. ನೆರಳು ಕೊಡಬೇಕಾದವರೆಲ್ಲ ಬಿಟ್ಟು ಹೋದರು" ಎಂದರು.

ಕೊನೆಗೆ ಇಣುಕಿ ರಾಜೀನಾಮೆ ಕೊಟ್ಟಳು. ಬೇರೊಂದು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಹೊರಡುವ ದಿನ ದೊಡ್ಡ ಮೇಡಂ ಅವಳನ್ನು ತಮ್ಮ ಮೇಜಿಗೆ ಕರೆದರು. ಆ ದಿನದ ವಿವರವನ್ನು ಅವರೇ ನನಗೆ ಹೇಳಿದ್ದು. ಒಂದು ಸ್ಲೈಡು ಇಟ್ಟರು. ಅಪೆಂಡಿಕ್ಸ್. ಊದಿಕೊಂಡ ಸಾಧಾರಣ ಅಪೆಂಡಿಕ್ಸ್; ಕಲಿಯಲು ಬಂದ ಮೊದಲ ವಾರದವರೂ ಹೇಳುವಂಥದ್ದು. ರೋಗಿ ಹುಷಾರಾಗಿ ಮನೆಗೂ ಹೋಗಿದ್ದ.

"ಇದೊಂದಕ್ಕೆ ಸಹಿ ಹಾಕಿ ಹೋಗು. ನನಗೋಸ್ಕರ ಅಲ್ಲ. ಒಂದು ಸಲ ಬಂದ್ರೆ ಇನ್ನೊಂದು ಸಲ ಬರುತ್ತೆ."

ಅವಳು ನೋಡಿದಳು. ಅಂಚಿನಿಂದ ಅಂಚಿಗೆ, ಒಂದು ಸಾಲೂ ಬಿಡದೆ. ಆಮೇಲೆ ಬರೆದಳು, ಊತ ಮಾತ್ರ, ಬೇರೇನೂ ಇಲ್ಲ ಎಂದು. ಅಕ್ಷರ ಮುತ್ತಿನ ಹಾಗಿತ್ತಂತೆ. ಪೆನ್ನು ಗೆರೆಯ ಮೇಲೆ ಬಂದು ನಿಂತಿತು. ದೊಡ್ಡ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು, ನೋಡಿದರೆ ಎಲ್ಲಿ ಹೆದರುತ್ತಾಳೋ ಎಂದು. ಟೆಕ್ನಿಷಿಯನ್ ಟ್ರೇ ಹಿಡಿದು ಬಂದವನು ಬಾಗಿಲಲ್ಲೇ ನಿಂತ, ತಮಾಷೆ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ ಕುರ್ಚಿ ಸರಿದ ಸದ್ದಾಯಿತು. ಅವಳು ಎದ್ದು, ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು, ಕುರ್ಚಿಯನ್ನು ದೊಡ್ಡ ಮೇಡಂ ಕಡೆಗೆ ತಿರುಗಿಸಿ ಕೊಟ್ಟಳು.

"ಕ್ಷಮಿಸಿ ಮೇಡಂ."

ದೊಡ್ಡ ಮೇಡಂ ಕೂತು, ಸ್ಲೈಡನ್ನು ತಾವೂ ಪೂರ್ತಿ ನೋಡಿ, ಸಹಿ ಹಾಕಿದರು.

ಈಗ ಅವಳು ಕಾಲೇಜಿನಲ್ಲಿ ಹಳೆಯ ಸ್ಲೈಡುಗಳನ್ನು ತೋರಿಸಿ ಪಾಠ ಹೇಳುತ್ತಾಳೆ. ಅವುಗಳ ಉತ್ತರ ಎಂದೋ ತೀರ್ಮಾನವಾಗಿದೆ, ಡಬ್ಬಿಯ ಮೇಲೆ ಬರೆದಿದೆ. ಯಾರ ಹೊಟ್ಟೆಯೂ ಅವಳ ಮಾತಿಗಾಗಿ ಕಾಯುತ್ತಿಲ್ಲ. ಚೆನ್ನಾಗಿ ಕಲಿಸುತ್ತಾಳೆ ಎಂದು ಕೇಳಿದ್ದೇನೆ. ಅಷ್ಟು ವರ್ಷ ಕಲಿತ ಕಣ್ಣಿಗೆ ಅದು ಸಣ್ಣ ಕೆಲಸ. ಸಣ್ಣ ಕೆಲಸ ಎಂದು ನಾನು ಅವಳ ಮುಂದೆ ಹೇಳುವುದಿಲ್ಲ, ದೊಡ್ಡ ಕೆಲಸ ಎಂದು ಸುಳ್ಳೂ ಹೇಳುವುದಿಲ್ಲ.

ಕಳೆದ ತಿಂಗಳು ಒಂದು ರಜೆಯ ದಿನ ಮಧ್ಯಾಹ್ನ ದೊಡ್ಡ ಮೇಡಂ ಇಣುಕಿಯ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಅವರಿಗೆ ನಿವೃತ್ತಿ ಹತ್ತಿರ ಬಂದಿದೆ. ಅವರು ಹೋದರೆ ವಿಭಾಗದಲ್ಲಿ ಕಲಿಸುವವರಿಲ್ಲ. "ಕೊನೇ ಸಲ ಕೇಳೋಕೆ ಬಂದೆ" ಎಂದು ಚಪ್ಪಲಿ ಬಿಡುತ್ತ ನನಗೆ ಹೇಳಿದರು. "ಅವಳು ವಾಪಸ್ ಬರ್ತೀನಿ ಅಂದ್ರೆ ಒಂದು ವರ್ಷ ಪಕ್ಕದಲ್ಲೇ ಕೂತಿರ್ತೀನಿ. ಪ್ರತಿಯೊಂದಕ್ಕೂ ಇಬ್ಬರ ಸಹಿ. ಯಾರು ಬೇಡ ಅಂತಾರೋ ನೋಡ್ತೀನಿ."

ಒಳಗೆ ಕೋಣೆಯಲ್ಲಿ ಇಣುಕಿ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ.

"ಎಬ್ಬಿಸ್ಲಾ ಮೇಡಂ?" ಎಂದು ಅವಳಮ್ಮ ಮೆಲ್ಲಗೆ ಕೇಳಿದಳು. "ಈಚೆಗೆ ಹೀಗೆ ಎಲ್ಲೆಂದರಲ್ಲಿ ನಿದ್ದೆ ಮಾಡ್ತಾಳೆ. ಒಳ್ಳೇ ನಿದ್ದೆ."

ದೊಡ್ಡ ಮೇಡಂ ಬಾಗಿಲಿನಲ್ಲಿ ನಿಂತು ಅವಳನ್ನು ನೋಡಿದರು. ಕೈಚೀಲದ ಪಟ್ಟಿಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದರು. ಎಬ್ಬಿಸುವುದು, ಬಿಡುವುದು, ಯಾವುದು ಸರಿ ಎಂದು ನನಗೂ ಗೊತ್ತಿರಲಿಲ್ಲ.

"ಬೇಡ" ಎಂದರು. "ನಾನು ಬಂದಿದ್ದೆ ಅಂತಾನೂ ಹೇಳ್ಬೇಡಿ."

ಅವಳಮ್ಮ ಚಹಾ ಮಾಡುತ್ತೇನೆ ಎಂದಳು. ದೊಡ್ಡ ಮೇಡಂ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ರಜೆಯ ದಿನವಾದರೂ ವಿಭಾಗದಲ್ಲಿ ಟ್ರೇಗಳು ಕಾದಿದ್ದವು.